ಹದಿಮೂರನೇ ದಿನದ ಸ್ಯಾಂಪಲ್

ಬನ್ನೂರಿನ ಹತ್ತಿರದ ಹಳ್ಳಿಯಲ್ಲಿ ನಾಲ್ಕು ವರ್ಷದ ಅರ್ಪಿತಳ ಎಡಗಾಲು ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು ಅಂದಿಗೆ ಹದಿಮೂರು ದಿನ. ಪೋಲಿಯೊ ಅಲ್ಲವೆಂದು ಖಚಿತವಾಗಲು ಹದಿನಾಲ್ಕು ದಿನದೊಳಗೆ ಮಲದ ಎರಡು ಸ್ಯಾಂಪಲ್ ತೆಗೆಯಬೇಕು. ಮೊದಲನೆಯದು ನಿನ್ನೆ ಸಿಕ್ಕಿತ್ತು. ಎರಡನೆಯದಕ್ಕೆ ಆಶಾ ಕಾರ್ಯಕರ್ತೆ ರೋಜಾ ಐಸ್ ಪೆಟ್ಟಿಗೆ, ಖಾಲಿ ಡಬ್ಬಿ ಹಿಡಿದು ಬಂದಾಗ ಮಗುವಿನ ತಾತ ಮರಿಯಯ್ಯ ಬಾಗಿಲಿಗೆ ಅಡ್ಡ ನಿಂತ.

“ಕೊಡಾಕಿಲ್ಲ ಕಣವ್ವ. ನೆನ್ನೆ ಬಂದಿದ್ದ ಡಾಕ್ಟ್ರು ಜೀಪಿನ ಮ್ಯಾಲೆ ಡಬ್ಲ್ಯೂಎಚ್‌ಒ ಅಂತ ಇತ್ತಂತೆ. ಟೀವೀಲಿ ಏನ್ ಏಳ್ತಾವ್ರೆ ನೋಡ್ಲಿಲ್ವಾ?”

ನೋಡದೆ ಇರುವುದೇ ಕಷ್ಟವಾಗಿತ್ತು. ಅದು 2022ರ ಮೇ ತಿಂಗಳು. ಕೊರೊನಾ ಕಾಲದಲ್ಲಿ ಸರ್ಕಾರ ಹೇಳಿದ್ದಕ್ಕಿಂತ ಸುಮಾರು ಹತ್ತುಪಟ್ಟು ಜನ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. ಚಾನೆಲ್‌ಗಳು ಮೂರು ದಿನದಿಂದ ‘ವಿದೇಶಿ ಸಂಚು’ ಎಂದು ಕೂಗುತ್ತಿದ್ದವು. ಎರಡು ವರ್ಷದ ಹಿಂದೆ ಅದೇ ಸಂಸ್ಥೆ ನಮ್ಮನ್ನು ಹೊಗಳಿತೆಂದು ಫ್ಲೆಕ್ಸ್ ಕಟ್ಟಿಸಿದ್ದ ಊರಿನ ಮುಖಂಡ, ಈಗ ಅದನ್ನು ದೇಶದಿಂದ ಓಡಿಸಬೇಕೆಂದು ಮೈಕಿನಲ್ಲಿ ಭಾಷಣ ಮಾಡಿದ್ದ.

“ಆ ಡಾಕ್ಟ್ರು ಮಳವಳ್ಳಿಯೋರು ತಾತ. ನಿಮ್ಮನೇಲೇ ಮಜ್ಜಿಗೆ ಕುಡುದ್ರಲ್ಲ.”

“ಮಜ್ಜಿಗೆ ಯಾರ್ ಬೇಕಾದ್ರೂ ಕುಡೀತಾರೆ. ನಮ್ ಕೂಸ್ನೂ ಲೆಕ್ಕಕ್ಕೆ ಸೇರುಸ್ಕೊಂಡು ಊರ ಮರ್ವಾದೆ ತೆಗೀತಾರೆ. ಎಲ್ಲಾ ಸುಳ್ಳು ಲೆಕ್ಕ!”

ರೋಜಾಗೆ ರೇಗಿತು. “ಸಾಕಮ್ಮಜ್ಜಿಗೆ ಆಸ್ಪತ್ರೆಯೋರು ಏನಂತ ಬರ್ಕೊಟ್ರು?”

ಕೊರೊನಾದ ಎರಡನೇ ಅಲೆಯಲ್ಲಿ ಮರಿಯಯ್ಯನ ಹೆಂಡತಿ ಸಾಕಮ್ಮ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಹೊರಗೆ, ಆಟೊದಲ್ಲೇ ಉಸಿರು ಸಿಗದೆ ಸತ್ತಿದ್ದಳು. ಆಗ ಅವಳ ತಲೆ ಹಿಡಿದು ಕೂತಿದ್ದವಳು ರೋಜಾ. ಆಸ್ಪತ್ರೆಯವರು ಚೀಟಿಯಲ್ಲಿ ಬರೆದದ್ದು ಕೊರೊನಾ ಎಂದಲ್ಲ, ಹೃದಯಾಘಾತ ಎಂದು.

“ಆ ಹತ್ತುಪಟ್ಟಲ್ಲಿ ನಮ್ಮವ್ಳು ಸೇರವ್ಳಾ?”

ಹೌದೆಂದಿದ್ದರೆ ಕೆಲಸ ಸಲೀಸಾಗುತ್ತಿತ್ತು. “ಗೊತ್ತಿಲ್ಲ ತಾತ. ಅದು ಅಂದಾಜು. ಅದ್ರಲ್ಲಿ ಯಾರ ಹೆಸ್ರೂ ಇರಲ್ಲ.”

ಒಳಗಿನಿಂದ ಸೊಸೆ ರಂಜಿನಿ ಹೇಳಿದಳು: “ಮಾವ, ನಾಳೆ ಕಳುದ್ರೆ ಆಗಕ್ಕಿಲ್ವಂತೆ. ಕೂಸಿನ ಕಾಲು ಟೀವಿಯೋರು ನೋಡ್ಕತಾರಾ?”

ಮರಿಯಯ್ಯ ಅವಳ ಕಡೆ ತಿರುಗಲಿಲ್ಲ. ರೋಜಾಳನ್ನೇ ಕೇಳಿದ.

“ಈ ಡಬ್ಬಿ ಮ್ಯಾಲೆ ಎಸ್ರು ಬರೀತಾರಾ?”

“ಬರೀಲೇಬೇಕು.”

“ನನ್ ಕಣ್ಮುಂದೆ ಬರಿ.”

ರೋಜಾ ಜಗಲಿಯ ಮೇಲೆ ಕೂತು ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಊರು, ತಾರೀಕು ಬರೆದಳು. ಅವನು ಎರಡು ಸಲ ಓದಿಸಿ ಕೇಳಿದ. ಊರಿನ ಜೊತೆ ತಾಲ್ಲೂಕು ಇಲ್ಲವೆಂದು ಅದನ್ನೂ ಸೇರಿಸಲು ಹೇಳಿದ. ಚೀಟಿಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನು ತೋರಿಸಿದ ಮೇಲೆ ಬಾಗಿಲು ಬಿಟ್ಟು ಸರಿದ.