ಡೆಸ್‌ನ ಕೊನೆಯ ಪೀಪಾಯಿ

ಡೆಸ್ ಬದುಕಿರುವಷ್ಟು ಕಾಲ ತನ್ನ ಬಟ್ಟಿ ಯಂತ್ರವನ್ನು ಬ್ರೈಸ್‌ನ ಕೈಗೆ ಕೊಡಲಿಲ್ಲ. ಕೊಟ್ಟರೆ ಅದು ಯಾವ ರೂಪದಲ್ಲಿ ವಾಪಸು ಬರುತ್ತದೋ ಎಂಬ ಹೆದರಿಕೆ. ಪಕ್ಕದ ಮನೆಯ ಬ್ರೈಸ್ ಡೇರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅಂಗಡಿಯಿಂದ ತಂದ ಯಾವ ವಸ್ತುವನ್ನೂ ತಂದ ಹಾಗೇ ಬಳಸಿದ ಮನುಷ್ಯನಲ್ಲ. ಟೋಸ್ಟರ್ ಬಿಚ್ಚಿದ, ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿದ, ಹೆಂಡತಿಯ ಕಿವಿಯ ಮಷೀನನ್ನೂ ಒಮ್ಮೆ ಬಿಚ್ಚಿ ಚೆನ್ನಾಗಿ ಬೈಸಿಕೊಂಡ.

"ಒಂದು ಶನಿವಾರ ಕೊಡು ಸಾಕು," ಎಂದು ಬೇಲಿಯಾಚೆಯಿಂದ ಗೋಗರೆಯುತ್ತಿದ್ದ. "ಆ ಮೋಟು ಕೊಳವೆ ಇಟ್ಕೊಂಡು ಏನು ಇಳಿಸ್ತೀಯ ಮಾರಾಯ?"

"ನಿನ್ನ ಕೈಗೆ ಕೊಟ್ರೆ ನಾಳೆ ಅದು ಹಾರೋಕೆ ಶುರು ಮಾಡುತ್ತೆ," ಎನ್ನುತ್ತಿದ್ದ ಡೆಸ್. "ಮುಟ್ಬೇಡ, ಹೋಗು."

ನಮ್ಮ ಕಟಿಕಟಿ ಊರಿನಲ್ಲಿ ಎರಡು ಶೆಡ್ಡಿಗೊಂದು ಬಟ್ಟಿ ಇದೆ. ಮನೆಮಟ್ಟಿಗೆ ಇಳಿಸಿಕೊಂಡರೆ ಸರಕಾರ ಕೇಳುವುದಿಲ್ಲ, ಮಾರಿದರೆ ಮಾತ್ರ ಕೇಳುತ್ತದೆ. ಡೆಸ್‌ನದು ಫೀಜೋವಾ ಸಾರಾಯಿ. ಸೀಬೆಯ ದೂರದ ನೆಂಟನಂತಿರುವ ಆ ಹಸಿರು ಹಣ್ಣು ಎಲ್ಲರ ಹಿತ್ತಿಲಲ್ಲೂ ಉದುರಿ ಬೀಳುತ್ತದೆ. ಡೆಸ್ ಅದನ್ನು ಸಿಪ್ಪೆ ಸಮೇತ ಹುಳಿಯಿಸಿ ವೈನ್ ಮಾಡಿ, ಆ ವೈನನ್ನು ಬಟ್ಟಿ ಇಳಿಸುತ್ತಿದ್ದ. ಬರುತ್ತಿದ್ದದ್ದು ಒರಟು ಸಾರಾಯಿ: ಗಂಟಲು ಸುಡುತ್ತಿತ್ತು, ಸಿಪ್ಪೆಯ ಕಹಿ ನಾಲಿಗೆಗೆ ಅಂಟುತ್ತಿತ್ತು. ಉಳಿದವರು ಅದರ ವಾಸನೆಗೇ ದೂರ ಸರಿಯುತ್ತಿದ್ದರು. ಕುಡಿಯುತ್ತಿದ್ದವರು ಊರಿಗೆಲ್ಲ ಇಬ್ಬರೇ, ಡೆಸ್ ಮತ್ತು ಬ್ರೈಸ್. ಡೆಸ್‌ನ ಹೆಂಡತಿ ವರ್ನಾ ಕುಡಿತವನ್ನು ಒಪ್ಪದ ಮೆಥೊಡಿಸ್ಟ್ ಕ್ರೈಸ್ತರ ಮನೆತನದವಳು, ಯಾವ ಮದ್ಯವನ್ನೂ ಒಂದು ಹನಿ ಮುಟ್ಟಿದವಳಲ್ಲ.

ಡೆಸ್ ತೀರಿಕೊಂಡು ವರ್ಷ ತುಂಬುತ್ತಾ ಬಂದಾಗ ಅದೇ ವರ್ನಾ ತಳ್ಳುಗಾಡಿಯಲ್ಲಿ ಯಂತ್ರವನ್ನೂ ಒಂದು ಪ್ಲಾಸ್ಟಿಕ್ ಪೀಪಾಯಿಯನ್ನೂ ತಳ್ಳಿಕೊಂಡು ಬ್ರೈಸ್‌ನ ಶೆಡ್ಡಿಗೆ ಬಂದಳು.

"ಅವನು ಕೊನೇಲಿ ಮಾಡಿಟ್ಟ ವೈನು ಇದು. ಇಳಿಸೋದರೊಳಗೆ ಅವನೇ ಹೋಗ್ಬಿಟ್ಟ. ನೀನು ಇಳಿಸಿಕೊಡ್ತೀಯಾ?"

"ಅದಕ್ಕೇನಂತೆ. ಯಾರಿಗೆ?"

"ನನಗೆ," ಎಂದಳು ವರ್ನಾ. ಬ್ರೈಸ್ ಹುಬ್ಬೇರಿಸಿದ್ದನ್ನು ಕಂಡು ಅವಳ ಮುಖ ಕೆಂಪಾಯಿತು. "ಪ್ರತಿ ವರ್ಷ ಹೊಸದು ಇಳಿಸಿದಾಗ ನನಗೂ ಒಂದು ಲೋಟ ಹಿಡ್ಕೊಂಡು ಬರೋನು. ಇಪ್ಪತ್ತು ವರ್ಷ ಬೇಡ ಅಂದೆ. ವರ್ಷದ ಊಟದ ದಿನ ಒಂದು ಸಲ ರುಚಿ ನೋಡ್ಬೇಕು ಬ್ರೈಸ್. ಅವನು ಶೆಡ್ಡಲ್ಲಿ ಕೂತು ಏನು ಕುಡೀತಿದ್ದ ಅಂತ ನಂಗೆ ಗೊತ್ತೇ ಇಲ್ಲ."

ಇದ್ದದ್ದು ಆ ಒಂದೇ ಪೀಪಾಯಿ. ಹಾಗೇ ಯಂತ್ರಕ್ಕೆ ಸುರಿದು ಸ್ವಿಚ್ಚು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಕೈಗೆ ಸಿಗದ ಯಂತ್ರ ಈಗ ಮೇಜಿನ ಮೇಲೆ ಕೂತಿತ್ತು, ಬೇಡ ಎನ್ನುವವನು ಇರಲಿಲ್ಲ. ಡೆಸ್‌ನ ಕೊನೆಯ ವೈನಿಗೆ ಒಳ್ಳೆಯ ಯಂತ್ರವೇ ಬೇಕು ಎಂದು ಬ್ರೈಸ್ ತನಗೆ ತಾನೇ ಹೇಳಿಕೊಂಡ. ಸುಳ್ಳು. ಕೈ ತುರಿಸುತ್ತಿತ್ತು, ಅಷ್ಟೇ.

ಮೋಟು ಕೊಳವೆಯ ಮೇಲೆ ಇನ್ನೊಂದು ಮೊಳದುದ್ದದ ತಾಮ್ರದ ಕೊಳವೆ ಕೂರಿಸಿದ. ಒಳಗೆ ತಾಮ್ರದ ಜಾಲರಿಯನ್ನು ಸುರುಳಿ ಸುತ್ತಿ ತುಂಬಿದ. ಶಾಖ ಸೋರದಂತೆ ಹೊರಗೆ ಹಳೆಯ ಉಣ್ಣೆಯ ಕಂಬಳಿ ಸುತ್ತಿದ. ತುದಿಯಲ್ಲಿ ತಣ್ಣೀರಿನ ಸುರುಳಿ. ಮೇಲೇರಿದ ಆವಿ ಅಲ್ಲಿ ತಣಿದು ಹನಿಯಾಗಿ ಜಾಲರಿಗೆ ಬೀಳಬೇಕು, ಬಿದ್ದದ್ದು ಮತ್ತೆ ಆವಿಯಾಗಿ ಏರಬೇಕು. ಹೀಗೆ ಏರಿ ಇಳಿದು ಕೊನೆಗೆ ಶುದ್ಧವಾದದ್ದಷ್ಟೇ ಹೊರಗೆ ಬರಬೇಕು. ಕೆಲಸ ಮಾಡುತ್ತಾ ಬ್ರೈಸ್ ಶಿಳ್ಳೆ ಹಾಕುತ್ತಿದ್ದ.

ಯಂತ್ರ ಅದ್ಭುತವಾಗಿ ನಡೆಯಿತು. ಉಷ್ಣಮಾಪಕದ ಮುಳ್ಳು ಅಲುಗಲಿಲ್ಲ. ಮೊದಲು ಬಂದದ್ದು ಕುಡಿಯಲು ಬಾರದ್ದೆಂದು, ಡೆಸ್ ಮಾಡುತ್ತಿದ್ದಂತೆಯೇ, ಹೊರಗೆ ಕಳೆಗಿಡಗಳ ಮೇಲೆ ಚೆಲ್ಲಿದ. ಆಮೇಲೆ ಹನಿಹನಿಯಾಗಿ ಬಂದದ್ದನ್ನು ಅಳೆದರೆ ನೂರಕ್ಕೆ ತೊಂಬತ್ಮೂರು ಪಾಲು ಮದ್ಯಸಾರ. ಡೆಸ್‌ನ ಕಾಲದಲ್ಲಿ ಆ ಯಂತ್ರ ಅರವತ್ತರ ಮೇಲೆ ಹೋದದ್ದೇ ಇಲ್ಲ. "ನೋಡಿದ್ಯೇನೋ," ಎಂದು ಬ್ರೈಸ್ ಬೇಲಿಯ ಕಡೆ ತಿರುಗಿ ಜೋರಾಗಿಯೇ ಹೇಳಿದ.

ನೀರು ಬೆರೆಸಿ ಮೂಗಿಗೆ ಹಿಡಿದ. ಏನೂ ಇಲ್ಲ. ಬಾಯಿಗೆ ಹಾಕಿಕೊಂಡ. ಇಂಜೆಕ್ಷನ್ ಚುಚ್ಚುವ ಮುಂಚೆ ನರ್ಸು ತೋಳಿಗೆ ಒರೆಸುವ ಹತ್ತಿಯ ರುಚಿ. ಫೀಜೋವಾ ಇಲ್ಲ, ಕಹಿ ಇಲ್ಲ, ಗಂಟಲಿಗೆ ಹತ್ತುವ ಆ ಘಾಟು ಇಲ್ಲ.

ಹೊರಗೆ ಓಡಿ ಬಗ್ಗಿ ಮೂಸಿದ. ಉದ್ದ ಕೊಳವೆ ಬೇರ್ಪಡಿಸಿದ ಹಣ್ಣಿನ ಪರಿಮಳವೆಲ್ಲ ಮೊದಲು ಚೆಲ್ಲಿದ್ದರ ಜೊತೆ ಕಳೆಗಿಡಗಳ ಮೇಲಿತ್ತು. ಪಾತ್ರೆಯ ತಳದ ಬಗ್ಗಡದಲ್ಲಿ ಸಿಪ್ಪೆಯ ಕಹಿ ಉಳಿದಿತ್ತು. ಜಾಲರಿ ಕಿತ್ತೆಸೆದು, ಬಗ್ಗಡಕ್ಕೆ ಸ್ವಲ್ಪವೇ ಸಾರಾಯಿ ಬೆರೆಸಿ ಹಳೆಯ ಮೋಟು ಕೊಳವೆಯಲ್ಲೇ ಇಳಿಸಿ ನೋಡಿದ. ಬೆಂದ ಕೋಸಿನ ನಾತ ಬಂತು. ಬ್ರೈಸ್ ಅಲ್ಲೇ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತ. ಮುಟ್ಟಬೇಡ ಎಂದು ಗೆಳೆಯ ಬಾಯಿಬಿಟ್ಟು ಹೇಳಿದ್ದ, ಅವನು ಸಾಯುವುದನ್ನೇ ಕಾದವನಂತೆ ಮುಟ್ಟಿದ್ದಾಯಿತು.

ವರ್ನಾಗೆ ಹೇಳಿಬಿಡಬೇಕೆಂದು ಎರಡು ಸಲ ಬೇಲಿಯವರೆಗೆ ಹೋದ. ಎರಡು ಸಲವೂ ಅವಳು ಬಟ್ಟೆ ಒಣಗಿಸುತ್ತಾ, "ಆಯ್ತಾ?" ಎಂದು ಮಗುವಿನಂತೆ ಕೇಳಿದಳು. "ಆಗ್ತಾ ಇದೆ," ಎಂದು ವಾಪಸು ಬಂದ. ಆಮೇಲೆ ತಲೆಗೆ ಇನ್ನೊಂದು ಹೊಳೆಯಿತು. ಅವಳಿಗೆ ಅದರ ರುಚಿಯೇ ಗೊತ್ತಿಲ್ಲ. ಗೊತ್ತಿರುವವನು ತಾನೊಬ್ಬನೇ.

ಬಟ್ಟಿ ಸಾಮಾನಿನ ಅಂಗಡಿಯಲ್ಲಿ ಬರೀ ಸಾರಾಯಿಗೆ ಬೆರೆಸುವ ಸಿಹಿ ಎಸೆನ್ಸಿನ ಶೀಶೆಗಳ ಸಾಲಿದೆ: ರಮ್ಮಿನದು, ವಿಸ್ಕಿಯದು, ಫೀಜೋವಾದ್ದೂ. ಅದನ್ನು ಕೊಳ್ಳುವವರನ್ನು ಬ್ರೈಸ್ ಊರಿಗೆಲ್ಲ ಕೇಳುವಂತೆ ಆಡಿಕೊಂಡವನು. ಅಂಗಡಿಯ ಹೆಮಿ ಅದನ್ನು ಮರೆತಿರಲಿಲ್ಲ.

"ಬಣ್ಣದ ನೀರು ಅಂತಿದ್ಯಲ್ಲ ಅಣ್ಣಾ, ಈಗ ನೀನೇ?"

"ಕೇಕಿಗೆ ಕಣೋ," ಎಂದ ಬ್ರೈಸ್, ಶೀಶೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾ.

ವರ್ಷದ ಊಟಕ್ಕೆ ಎಲ್ಲರೂ ಒಂದೊಂದು ತಟ್ಟೆ ತಿಂಡಿ ತಂದಿದ್ದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆ ವರ್ನಾ ಬ್ರೈಸ್‌ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಔಷಧಿ ಕುಡಿಯುವವಳಂತೆ ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದಳು. ಕಣ್ಣು ತೆರೆದಾಗ ಮುಖದಲ್ಲಿ ಬರೀ ಆಶ್ಚರ್ಯ.

"ಸಿಹಿಯಾಗಿದೆಯಲ್ಲೋ ಇದು."

ಬ್ರೈಸ್ ಸಿಂಕಿನ ಕಡೆ ತಿರುಗಿ ನಲ್ಲಿ ಬಿಗಿ ಮಾಡಿದ.

"ಅವನ ಉಸಿರಲ್ಲಿ ಬೇರೆ ಥರ ನಾರ್ತಿತ್ತು. ಬಾಯಲ್ಲಿ ಇಷ್ಟು ಚೆನ್ನಾಗಿರುತ್ತೆ ಅಂತ ಯಾರಿಗೆ ಗೊತ್ತು?" ಇನ್ನೊಂದು ಗುಟುಕು ಕುಡಿದಳು. ಲೋಟವನ್ನು ಮೇಜಿನ ಮೇಲಿಟ್ಟಳು. "ಇದನ್ನಾ ನಾನು ಬೇಡ ಅಂದಿದ್ದು? ಶೆಡ್ಡಲ್ಲಿ ನನಗೆ ಅಂತ ಒಂದು ಕುರ್ಚಿ ಹಾಕಿಟ್ಟಿದ್ದ ಬ್ರೈಸ್. ಒಂದು ದಿನ ಹೋಗಿ ಕೂರಲಿಲ್ಲ. ಇದು ವಿಷ ಅಂತ ಅವನ ಮುಖಕ್ಕೇ ಹೇಳಿದ್ದೆ."

ಅವಳು ಅಳತೊಡಗಿದಳು. ಇದನ್ನು ಬ್ರೈಸ್ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅವನದು ಇಷ್ಟು ಸಿಹಿ ಇರಲಿಲ್ಲ ವರ್ನಾ," ಎಂದ. "ಗಂಟಲು ಸುಡ್ತಿತ್ತು. ಕುಡಿದಿದ್ರೆ ನೀನು ಉಗಿದುಬಿಡ್ತಿದ್ದೆ. ದೇವರಾಣೆ."

ಅವಳು ಅವನನ್ನೇ ನೋಡಿ, ಅಳುವಿನಲ್ಲೇ ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲ, ನಿಜವಾಗಿ."

"ಸುಮ್ನಿರು. ಅವನ ವೈನು, ಅವನ ಯಂತ್ರ, ಇಳಿಸಿದವನು ನೀನು. ಬೇರೆ ರುಚಿ ಎಲ್ಲಿಂದ ಬರುತ್ತೆ?"

ಅವಳು ಉತ್ತರಕ್ಕೆ ಕಾಯುವವಳಂತೆ ನಿಂತಿದ್ದಳು. ಹೇಳಬೇಕಾದದ್ದು ಒಂದೇ ಒಂದು ಮಾತು, ಅಂಗಡಿಯ ಶೀಶೆಯ ಹೆಸರು. ಹೇಳಿದ್ದರೆ ಅವಳ ಇಪ್ಪತ್ತು ವರ್ಷದ ಭಾರ ಅಲ್ಲೇ ಇಳಿಯುತ್ತಿತ್ತು, ತನ್ನ ಮುಖವೂ ಇಳಿಯುತ್ತಿತ್ತು. ಬ್ರೈಸ್ ನೆಲ ನೋಡಿದ.

"ಒಳ್ಳೆಯವನು ನೀನು," ಎಂದು ವರ್ನಾ ಅವನ ತೋಳು ತಟ್ಟಿದಳು. ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡು, ಸಣ್ಣ ಲೋಟಗಳಿಗೆಲ್ಲ ಒಂದೊಂದು ತೊಟ್ಟು ಸುರಿದು, ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಹೋದಳು. ಬ್ರೈಸ್ ಸಿಂಕಿನ ಬಳಿಯೇ ನಿಂತ. ಹೊರಗೆ ಯಾರೋ ಚೆನ್ನಾಗಿದೆ ಎಂದರು, ಇನ್ಯಾರೋ ಇನ್ನೊಂದು ತೊಟ್ಟು ಕೇಳಿದರು.

"ಪ್ರತಿ ವರ್ಷ ಕರೆದ," ಎಂದು ವರ್ನಾ ಒಬ್ಬೊಬ್ಬರಿಗೂ ಹೇಳುತ್ತಿದ್ದಳು. "ನಾನೇ ಹೋಗಲಿಲ್ಲ."