ನೋಡಲಾಗಿದೆ

"ಹೋದ ವರ್ಷ ಇತ್ತಲ್ಲ ಸಾರ್. ನೀವೇ ನೋಡಿದೀರಿ," ಎನ್ನುತ್ತ ಮ್ಯಾನೇಜರ್ ಕಡತ ತಿರುಗಿಸಿ ಹಿಡಿದ. ಜನರೇಟರ್, ಹೊಸದು, ಒಂದು. ಅದರೆದುರು ಹಸಿರು ಶಾಯಿಯಲ್ಲಿ ಒಂದೇ ಪದ: 'ನೋಡಲಾಗಿದೆ.' ಕೆಳಗಿನ ಸಹಿ ಆಡಿಟರದ್ದೇ.

ಶೆಡ್ಡಿನ ಹಿಂದೆ ನಿಂತಿದ್ದ ಆಡಿಟರು ಕಡತದಿಂದ ಕಣ್ಣು ತೆಗೆದು ಎದುರಿಗೆ ನೋಡಿದರು. ಅಲ್ಲಿದ್ದದ್ದು ಬರೀ ಒಂದು ಸಿಮೆಂಟು ಕಟ್ಟೆ, ಅದರ ಮೇಲೆ ನಾಲ್ಕು ಬೋಲ್ಟು.

ಈ ಪೈಪು ಕಂಪನಿಯಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು ಪಾಲು ಸರ್ಕಾರದ್ದು. ಆ ಚೂರಿನ ದೆಸೆಯಿಂದ ಆಡಿಟರು ವರ್ಷಕ್ಕೊಮ್ಮೆ ಬಂದು, ಜನರ ಪರವಾಗಿ ಎಲ್ಲವನ್ನೂ ಕಣ್ಣಾರೆ ನೋಡಬೇಕು. ಹೋದ ವರ್ಷ ಮಂಡಿನೋವಿತ್ತು, ಬಿಸಿಲಿತ್ತು, ಆಗಷ್ಟೇ ಚಹಾ ಬಂದಿತ್ತು. ಮ್ಯಾನೇಜರ್ ಅತಿಥಿಗೃಹದ ಕಿಟಕಿಯಿಂದ ಕೈ ತೋರಿಸಿ, "ಅಲ್ಲೇ ಸಾರ್, ಶೆಡ್ಡಿನ ಹಿಂದೆ" ಅಂದಿದ್ದ. ಶೆಡ್ಡು ಕಂಡಿತು, ಪೆನ್ನು ಓಡಿತು. ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದ ಪದ. ಯಾರು ನೋಡಿದರು ಎಂದು ಹೇಳುವ ಗೋಜಿಗೇ ಹೋಗದ, ಬಲು ಮರ್ಯಾದಸ್ಥ ಪದ.

"ಇವನ ಸುಪರ್ದಿಲಿತ್ತು. ಇವತ್ತೇ ಸಸ್ಪೆಂಡ್ ಮಾಡಿ ಪೊಲೀಸಿಗೆ ಕೊಡ್ತೀವಿ." ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದ ಸ್ಟೋರ್‌ಕೀಪರ್ ಕಡೆ ಗದ್ದ ಎತ್ತಿ ತೋರಿಸಿದ.

ಸ್ಟೋರ್‌ಕೀಪರ್‌ನ ನಿವೃತ್ತಿಗೆ ಐದು ತಿಂಗಳಿತ್ತು. "ಬಂದೇ ಇಲ್ಲ ಅಂದ್ಕೊಂಡಿದ್ದೆ ಸಾರ್. ಬಂದಾಗ ಕೂರಿಸೋಕೆ ಸಲೀಸಾಗ್ಲಿ ಅಂತ ತಿಂಗಳಿಗೊಂದ್ಸಲ ಈ ಬೋಲ್ಟಿಗೆ ಗ್ರೀಸ್ ಹಚ್ತಿದೀನಿ." ಆಡಿಟರ ಮುಖ ನೋಡಿ ಆತನ ದನಿ ಇಳಿಯಿತು. "ಆದ್ರೆ ನೀವು ನೋಡಿ ಬರೆದಿದೀರಿ. ನೀವ್ಯಾಕೆ ಸುಳ್ಳು ಬರೀತೀರಿ? ನನಗೇ ಅರಳು ಮರಳಾಯ್ತೋ ಏನೋ. ಮನೇಲೂ ಹಂಗೇ ಅಂತಾಳೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈತ ತನ್ನ ಕಣ್ಣನ್ನು ಬಿಟ್ಟು ಇವರ ಸಹಿಯನ್ನು ನಂಬಿದ್ದ. ನಾಚಿಕೆಯಿಂದ ಆಡಿಟರ ಕಿವಿ ಬಿಸಿಯಾಯಿತು. ಕಾಗದದೊಳಗೆ ಬಂದ ಯಂತ್ರ ಅದರಿಂದ ಹೊರಗೆ ಬಂದೇ ಇರಲಿಲ್ಲ.

"ಸುಮ್ನಿದ್ಬಿಡಿ ಸಾರ್," ಮ್ಯಾನೇಜರ್ ಪಿಸುಗುಟ್ಟಿದ. "ನಿಮ್ಮ ಮಾನಾನೂ ಉಳಿಯುತ್ತೆ."

ಆಡಿಟರು ಅತಿಥಿಗೃಹಕ್ಕೆ ಹೋಗಿ, ಜೊತೆಗೆ ಬಂದಿದ್ದ ತಮ್ಮ ಕಚೇರಿಯ ಟೈಪಿಸ್ಟ್‌ಗೆ ಒಂದು ಚೀಟಿ ಕೊಟ್ಟರು: 'ಹೋದ ವರ್ಷ ನಾನು ಜನರೇಟರನ್ನು ನೋಡಿರಲಿಲ್ಲ.' ಟೈಪಾಗಿ ಬಂದದ್ದು: 'ಜನರೇಟರನ್ನು ನೋಡಲಾಗಿರಲಿಲ್ಲ.'

"ವರದೀಲಿ 'ನಾನು' ಬರೋ ಹಾಗಿಲ್ವಲ್ಲ ಸಾರ್, ಸರಿ ಮಾಡ್ದೆ," ಅಂದಳು ಆಕೆ. "ನೀವೇ ಹೇಳ್ಕೊಟ್ಟಿದ್ದು."

ಅವರು ಹಸಿರು ಪೆನ್ನಿನಿಂದ ಎರಡೂ ಪ್ರತಿಗಳಲ್ಲಿ ಆ ಸಾಲು ಹೊಡೆದುಹಾಕಿ ತಾವೇ ಬರೆದರು. 'ನಾನು' ಎಂಬಲ್ಲಿ ಅಭ್ಯಾಸವಿಲ್ಲದೆ ಅಕ್ಷರ ಸೊಟ್ಟಗಾಯಿತು. ಒಂದು ಪ್ರತಿ ಮ್ಯಾನೇಜರನ ಮೇಜಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ಮತ್ತೆ ಬಿಸಿಲಿಗಿಳಿದರು.

ಸ್ಟೋರ್‌ಕೀಪರ್ ಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೈ ಒರೆಸಿಕೊಂಡು ಹಾಳೆಯನ್ನು ಎರಡು ಸಲ ಓದಿದ.

"ಹಂಗಾದ್ರೆ ನನಗೆ ಮರೆವಲ್ಲ," ಅಂದ, ತನಗೆ ತಾನೇ.

ಹಾಳೆಯನ್ನು ಮಡಚಿ ಜೇಬಿಗಿಟ್ಟು ಉಳಿದಿದ್ದ ಬೋಲ್ಟಿಗೆ ಗ್ರೀಸ್ ಹಚ್ಚತೊಡಗಿದ. ಆಡಿಟರು ನಿಂತೇ ಇದ್ದರು. ಆತ ಮುಗಿಸುವವರೆಗೂ ನೋಡಿದರು.