ಜುಟ್ಟಿಲ್ಲದ ಕಾಯಿ

ಗುಬ್ಬಿಯಲ್ಲಿ ಭೂಮಿಕಾಳ ದೊಡ್ಡಪ್ಪ ಚನ್ನವೀರಯ್ಯನವರ ತೆಂಗಿನಕಾಯಿ ಮಂಡಿಯ ಮಹಡಿ ಮೇಲೆ ಅವಳ ಚಿತ್ರಗಳ ಮೊದಲ ಪ್ರದರ್ಶನ. ಸಂಜೆ ಜನ ಬರುವ ಮೊದಲು ದೊಡ್ಡಪ್ಪ ಒಮ್ಮೆ ನೋಡಿ ಹೂಂ ಅನ್ನಬೇಕು. ಉಹೂಂ ಅಂದರೆ ಮಹಡಿಗೆ ಬೀಗ.

ತುಮಕೂರಿನ ಕಾಲೇಜಿನಲ್ಲಿ ಅವಳಿಗೆ ತೋರಿಸಿದ ನಗ್ನಚಿತ್ರಗಳ ತುಂಬ ಸೋಫಾಕ್ಕೆ ಒರಗಿದ ಬಿಳಿ ಹೆಂಗಸರು. ಸ್ಥಿರವಸ್ತುಗಳ ಚಿತ್ರ ಅಂದರೆ ಸೇಬು, ದ್ರಾಕ್ಷಿ, ಗಾಜಿನ ಹೂಜಿ. ನಕಲು ಮಾಡಿ ಮಾಡಿ ಬೇಸತ್ತ ಹುಡುಗಿ ಊರಿಗೆ ಬಂದು ಸೇಬಿನ ಜಾಗದಲ್ಲಿ ತೆಂಗಿನಕಾಯಿ ಇಟ್ಟಳು. ಸೋಫಾದ ಹೆಂಗಸಿನ ಜಾಗಕ್ಕೆ ಅಜ್ಜಿ ಸಿದ್ದಲಕ್ಷ್ಮಮ್ಮನನ್ನೇ ತಂದಳು. ಬಚ್ಚಲ ಮಣೆಯ ಮೇಲೆ ಎಣ್ಣೆ ಹಚ್ಚಿಕೊಂಡು ಕೂತ ಅಜ್ಜಿಯ ಬೆನ್ನು. ಕತ್ತಿನ ಶಿವದಾರ ಬಿಟ್ಟರೆ ಮೈಮೇಲೆ ಒಂದು ನೂಲಿಲ್ಲ. ಅಜ್ಜಿಯೇನೋ ಖುಷಿಯಿಂದ ಒಪ್ಪಿ ಕೂತಿದ್ದಳು. ಆದರೆ ಆಕೆ ದೊಡ್ಡಪ್ಪನ ಹೆತ್ತ ತಾಯಿ!

ಅದಕ್ಕೇ ಭೂಮಿಕಾ ಕಾಯಿಯ ಚಿತ್ರವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿದಳು. ಕಾಯಿ ನೋಡಿ ವ್ಯಾಪಾರಿಯ ಮನಸ್ಸು ತಣ್ಣಗಾಗಲಿ ಅಂತ. ಅಜ್ಜಿಯನ್ನು ಮೂಲೆಗೆ ಸೇರಿಸಿ ತಾನೇ ಅಡ್ಡ ನಿಂತಳು. ಹಾಗೆ ನಿಂತಿದ್ದೇ ತಪ್ಪಾಯಿತು. ದೊಡ್ಡಪ್ಪ ವಾಸನೆ ಹಿಡಿದು ನೆಟ್ಟಗೆ ಮೂಲೆಗೇ ಬಂದರು.

"ಅವ್ವ ಅಲ್ವೇನಮ್ಮ ಇದು?"

"ಹೂಂ ದೊಡ್ಡಪ್ಪ."

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು.

"ಎಣ್ಣೆ ಒಸಿ ಕಮ್ಮಿಯಾಯ್ತು. ಅವ್ವ ಸೊಂಟದವರ್ಗೂ ಸುರ್ಕೊಳ್ತಾಳೆ."

"ಬಟ್ಟೆ ಇಲ್ವಲ್ಲ ದೊಡ್ಡಪ್ಪ..." ಬಾಯಿ ತಪ್ಪಿ ಅಂದೇಬಿಟ್ಟಳು ಪೆದ್ದಿ.

"ಶಿವದಾರ ಐತಲ್ಲ! ಸೀರೆ ಉಟ್ಕೊಂಡು ಎಣ್ಣೆನೀರು ಹಾಕ್ಕೊಳಕ್ಕಾಯ್ತದಾ?"

ಗೆದ್ದೆ ಅಂದುಕೊಂಡಳು ಭೂಮಿಕಾ. ಅಷ್ಟರಲ್ಲಿ ಬಾಗಿಲ ಕಡೆ ತಿರುಗಿದ ದೊಡ್ಡಪ್ಪ ಹೌಹಾರಿದರು.

"ಅಯ್ಯಯ್ಯೋ! ಜುಟ್ಟೆಲ್ಲಿ?"

ಮಂಡಿಯಲ್ಲಿ ಕಾಯಿಯನ್ನು ಎಷ್ಟೇ ಸುಲಿದರೂ ಕಣ್ಣು ಮುಚ್ಚುವಷ್ಟು ಜುಟ್ಟು ಉಳಿಸುತ್ತಾರೆ. ದೇವರ ಮುಂದೆ ಒಡೆಯುವಾಗಲೇ ಅದನ್ನು ಕೀಳುವುದು. ಇವಳು ಚಂದ ಕಾಣಲಿ ಅಂತ ಪೂರಾ ಕಿತ್ತು ಬರೆದಿದ್ದಳು.

"ಮೂರು ಕಣ್ಣೂ ಬಿಟ್ಕೊಂಡು ಬೆತ್ತಲೆ ಕೂರ್ಸಿದೀಯಲ್ಲಮ್ಮ! ನನ್ ಮಂಡಿ ಮೇಲೆ! ನನ್ನ ಮಾನ ಏನಾಗ್ಬೇಕು?" ಹೆಗಲ ಟವೆಲ್ ತೆಗೆದು ಕಾಯಿಯ ಮೇಲೆ ಹೊದಿಸಿಯೇ ಕೆಳಗಿಳಿದರು. ಬೀಗ ಮಾತ್ರ ಹಾಕಲಿಲ್ಲ.

ಸಂಜೆ ಬಂದವರೆಲ್ಲ ಮೊದಲು ಮಾಡಿದ ಕೆಲಸ ಟವೆಲ್ ಎತ್ತಿ ಇಣುಕಿದ್ದು. ಅಜ್ಜಿ ಮಾತ್ರ ಮೊಮ್ಮಗಳ ಕೈಹಿಡಿದು ಸೀದಾ ಮೂಲೆಗೆ ಹೋದಳು.

"ನನ್ ಬೆನ್ನು ನಾನೇ ನೋಡಿರ್ಲಿಲ್ಲ ಕಣೇ. ಪರ್ವಾಗಿಲ್ಲ, ಇನ್ನೂ ನೆಟ್ಟಗೈತೆ."

ಭೂಮಿಕಾಗೆ ಖುಷಿಯಿಂದ ಕಣ್ಣು ತುಂಬಿತು. ಆಗ ಅಜ್ಜಿಯ ಕಣ್ಣು ಕಾಯಿಗೆ ಹೊದಿಸಿದ್ದ ಟವೆಲ್ ಮೇಲೂ, ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನ ಮೇಲೂ ಬಿತ್ತು.

"ಲೋ ಚನ್ನವೀರ, ಕಾಯಿಗೆ ಹೊದ್ಸಿದೀಯ. ಹೆತ್ತವ್ವನ್ಗೆ ಹೊದ್ಸೋ ಬುದ್ಧಿ ಬರ್ಲಿಲ್ವೇನ್ಲಾ?"

ಮುಖ ಕೆಂಪಾದ ದೊಡ್ಡಪ್ಪ ಟವೆಲ್ ಕಿತ್ತುಕೊಂಡು ಮೂಲೆಗೆ ಓಡಿಬಂದರು.

"ಬುಡ್ಲಾ, ಹತ್ರ ತರ್ಬೇಡ," ಅಂದಳು ಅಜ್ಜಿ. "ಒಗೆದಿರೋ ಟವೆಲ್ಲು, ಎಣ್ಣೆಯಾಯ್ತದೆ."

ದೊಡ್ಡಪ್ಪ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ಬಳಿ ಕಾಯಿ ಮೂರು ಕಣ್ಣೂ ಬಿಟ್ಟುಕೊಂಡು ಕೂತಿತ್ತು. ಆಮೇಲೆ ಅದನ್ನು ಯಾರೂ ತಿರುಗಿ ನೋಡಲಿಲ್ಲ.